ಸಾಲ ಮಾಡದೆಯೂ ಬಡ್ಡಿ ಕಟ್ಟುವವರು

ನಮ್ಮ ಚಿಕ್ಕಮ್ಮ ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ದುಡಿದವರು. ಮಂಡಿನೋವು ಜಾಸ್ತಿಯಾಗಿ ಕೆಲಸ ಬಿಟ್ಟರು. ಸಂಬಳಕ್ಕೆ ಅಂತ ಫ್ಯಾಕ್ಟರಿಯವರೇ ಒಂದು ಖಾಸಗಿ ಬ್ಯಾಂಕಿನಲ್ಲಿ ಖಾತೆ ಮಾಡಿಸಿಕೊಟ್ಟಿದ್ದರು. ಆಧಾರ್ ಲಿಂಕ್ ಆಗಿದ್ದೂ ಅದಕ್ಕೇ. ಹಾಗಾಗಿ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅಲ್ಲಿಗೇ ಬೀಳುತ್ತಿತ್ತು. ನಡುವೆ ಮೂರು ತಿಂಗಳು ಕಂತು ಬರಲಿಲ್ಲ. ಆಮೇಲೆ ಒಂದು ದಿನ ಬಂತು ಅಂತ ಪಕ್ಕದ ಮನೆಯವರು ಹೇಳಿದರು. ಚಿಕ್ಕಮ್ಮ ಎಟಿಎಂಗೆ ಹೋದರು. ಖಾತೆಯಲ್ಲಿ ಇದ್ದದ್ದು 230 ರೂಪಾಯಿ.

ನಾನು ಪಾಸ್‌ಬುಕ್ ತಗೊಂಡು ಹೋಗಿ ಎಂಟ್ರಿ ಹಾಕಿಸಿಕೊಂಡು ಬಂದೆ. 2,000 ಜಮಾ ಆದ ದಿನವೇ ಕೆಳಗೆ ಮೂರು ಸಾಲು ಖರ್ಚು. ಮೂರರಲ್ಲೂ 590. ಪಕ್ಕದಲ್ಲಿ ಇಂಗ್ಲಿಷಿನ ಮೂರು ಅಕ್ಷರ, ಎಂಎಬಿ. ಮಂತ್ಲಿ ಆವರೇಜ್ ಬ್ಯಾಲೆನ್ಸ್. ಅಂದರೆ ತಿಂಗಳಿಗೆ ಸರಾಸರಿ ಇಷ್ಟು ದುಡ್ಡು ಖಾತೆಯಲ್ಲಿ ಇರಬೇಕು, ಇಲ್ಲದಿದ್ದರೆ ದಂಡ. ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: ‘ನಾನು ಯಾವತ್ತು ಸಾಲ ತಗೊಂಡೆ ಮಗಾ?’

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಯಾಕೆಂದರೆ ಅದು ಸರಿಯಾದ ಪ್ರಶ್ನೆ.

ಓವರ್‌ಡ್ರಾಫ್ಟ್ ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ಹಣ ತೆಗೆಯುವುದು. ಆ ಜಾಸ್ತಿ ಹಣ ಬ್ಯಾಂಕಿನದು. ಅದಕ್ಕೆ ಬ್ಯಾಂಕು ಬಡ್ಡಿಯನ್ನೋ ಶುಲ್ಕವನ್ನೋ ಕೇಳಿದರೆ ಅರ್ಥವಿದೆ. ಮಿನಿಮಮ್ ಬ್ಯಾಲೆನ್ಸ್ ದಂಡದಲ್ಲಿ ಗ್ರಾಹಕ ಬ್ಯಾಂಕಿನ ಒಂದು ಪೈಸೆಯನ್ನೂ ಮುಟ್ಟಿರುವುದಿಲ್ಲ. ತನ್ನ ದುಡ್ಡನ್ನು ಬ್ಯಾಂಕಿಗೆ ಸಾಕಷ್ಟು ಕೊಟ್ಟಿಲ್ಲ ಅನ್ನುವುದಕ್ಕೆ ದಂಡ ಕಟ್ಟುತ್ತಾನೆ. ಆ ದಂಡದ ಲೆಕ್ಕವನ್ನು ಬಡ್ಡಿಯ ಲೆಕ್ಕಕ್ಕೆ ತಿರುಗಿಸಿ ನೋಡಿದರೆ ಎದೆ ಝಲ್ಲೆನ್ನುತ್ತದೆ.

ದೊಡ್ಡ ಖಾಸಗಿ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಕಾಣುವ ದರ ಇದು: ಎಷ್ಟು ಕಡಿಮೆ ಬಿದ್ದಿದೆಯೋ ಅದರ ಶೇ. 6, ಇಲ್ಲವೇ 500-600 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅದರ ಮೇಲೆ ಶೇ. 18 ಜಿಎಸ್‌ಟಿ. ಶೇ. 6 ಅಂದಾಗ ಸಣ್ಣದು ಅನ್ನಿಸುತ್ತದೆ. ಆದರೆ ಅದು ತಿಂಗಳಿಗೆ. ವರ್ಷಕ್ಕೆ ಶೇ. 72. ಮೀಟರ್ ಬಡ್ಡಿಯವರನ್ನು ನಾವು ಬೈಯುವುದು ಇಂಥ ದರಕ್ಕೇ ಅಲ್ವಾ? ಅವರಾದರೂ ಕೈಗೆ ದುಡ್ಡು ಕೊಟ್ಟು ಆಮೇಲೆ ಬಡ್ಡಿ ಕೇಳುತ್ತಾರೆ.

‘ಸರಾಸರಿ’ ಅನ್ನುವ ಪದದ ಒಳಗೂ ಒಂದು ವಿಷಯ ಅಡಗಿದೆ. ದಿನದ ಕೊನೆಗೆ ಖಾತೆಯಲ್ಲಿ ಎಷ್ಟು ಉಳಿದಿದೆ ಅನ್ನುವುದನ್ನು ತಿಂಗಳಿಡೀ ಕೂಡಿಸಿ, ದಿನಗಳಿಂದ ಭಾಗಿಸಿದರೆ ಬರುವುದೇ ಸರಾಸರಿ. ಒಂದು ಖಾತೆಗೆ 5,000 ರೂಪಾಯಿ ಸರಾಸರಿ ಬೇಕು ಅಂತಿಟ್ಟುಕೊಳ್ಳಿ. ಒಬ್ಬಾಕೆ ತಿಂಗಳ ಮೂವತ್ತೂ ದಿನ 4,500 ರೂಪಾಯಿಯನ್ನು ಅಲುಗಾಡಿಸದೆ ಇಟ್ಟಿದ್ದಾಳೆ. ಇನ್ನೊಬ್ಬ ಒಂದೇ ಒಂದು ರಾತ್ರಿ 1,50,000 ರೂಪಾಯಿ ಹಾಕಿ ಮರುದಿನ ಅಷ್ಟನ್ನೂ ತೆಗೆದ. ಉಳಿದ 29 ದಿನ ಸೊನ್ನೆ. ಅವನ ಸರಾಸರಿ ಸರಿಯಾಗಿ 5,000, ದಂಡ ಇಲ್ಲ. ಆಕೆಯ ಸರಾಸರಿ 4,500, ದಂಡ ಇದೆ. ಕಡಿಮೆ ಬಿದ್ದ 500ಕ್ಕೆ ಶೇ. 6ರಂತೆ 30 ರೂಪಾಯಿ, ತೆರಿಗೆ ಸೇರಿ 35 ರೂಪಾಯಿ 40 ಪೈಸೆ. ವರ್ಷವಿಡೀ ಹೀಗೇ ನಡೆದರೆ 424 ರೂಪಾಯಿ 80 ಪೈಸೆ. ಅವಳ 4,500ಕ್ಕೆ ಶೇ. 2.5ರಂತೆ ಬ್ಯಾಂಕು ವರ್ಷಕ್ಕೆ ಕೊಡುವ ಬಡ್ಡಿ 112 ರೂಪಾಯಿ 50 ಪೈಸೆ. ಉಳಿತಾಯ ಖಾತೆ ಅಂತ ಹೆಸರು, ಆದರೆ ಅದರಲ್ಲಿ ಹಣ ಇಟ್ಟಿದ್ದಕ್ಕೆ ಅವಳ ಹಣ ಕರಗುತ್ತಾ ಹೋಗುತ್ತದೆ.

ಇನ್ನು ಚಿಕ್ಕಮ್ಮನಂಥವರು ಈ ಬಲೆಗೆ ಬೀಳುವುದು ಹೇಗೆ? ಅವರು ಮಿನಿಮಮ್ ಬ್ಯಾಲೆನ್ಸ್ ಇರುವ ಖಾತೆ ಕೇಳಿಕೊಂಡು ಹೋದವರಲ್ಲ. ಸಂಬಳದ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಇರುವುದಿಲ್ಲ. ಕೆಲಸ ಬಿಟ್ಟು ಕೆಲವು ತಿಂಗಳು ಸಂಬಳ ಬೀಳದಿದ್ದರೆ ಬ್ಯಾಂಕು ಆ ಖಾತೆಯನ್ನು ಮಾಮೂಲಿ ಉಳಿತಾಯ ಖಾತೆಯಾಗಿ ಬದಲಿಸುತ್ತದೆ. ಆಗ ಷರತ್ತುಗಳೂ ಬದಲಾಗುತ್ತವೆ. ಅಂದರೆ ಕೆಲಸ ಹೋಗಿ ಕೈ ಖಾಲಿಯಾಗಿರುವ ಹೊತ್ತಿಗೇ, ‘ಇನ್ನು ಮೇಲೆ 10,000 ಇಟ್ಟಿರಬೇಕು’ ಅನ್ನುವ ನಿಯಮ ಶುರುವಾಗುತ್ತದೆ. ಚಿಕ್ಕಮ್ಮನ ವಿಷಯದಲ್ಲಿ ಆಗಿದ್ದೂ ಅದೇ. ಮೆಸೇಜ್ ಬಂದಿರಬಹುದು. ಇಂಗ್ಲಿಷಿನಲ್ಲಿ ಬಂದ ಬ್ಯಾಂಕ್ ಮೆಸೇಜುಗಳನ್ನು ಅವರು ಯಾವತ್ತೂ ತೆರೆದು ಓದಿದವರಲ್ಲ.

ಇದಕ್ಕೆ ನಿಯಮವೇ ಇಲ್ಲ ಅಂತಲ್ಲ. 2014ರ ನವೆಂಬರಿನಲ್ಲಿ ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿತು. 2015ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಗ್ರಾಹಕರಿಗೆ ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಸರಿಮಾಡಿಕೊಳ್ಳಲು ಕಡಿಮೆ ಅಂದರೂ ಒಂದು ತಿಂಗಳು ಸಮಯ ಕೊಡಬೇಕು. ದಂಡ ಎಷ್ಟು ಕಡಿಮೆ ಬಿದ್ದಿದೆಯೋ ಅದಕ್ಕೆ ತಕ್ಕಂತಿರಬೇಕು, ಸೇವೆ ಕೊಡಲು ಬ್ಯಾಂಕಿಗೆ ಆಗುವ ಸರಾಸರಿ ಖರ್ಚನ್ನು ಮೀರಿ ಹೋಗಬಾರದು. ಬರೀ ಈ ದಂಡದ ಕಾರಣಕ್ಕೇ ಉಳಿತಾಯ ಖಾತೆ ಮೈನಸ್‌ಗೆ ಹೋಗಬಾರದು.

ಒಳ್ಳೆಯ ನಿಯಮಗಳು. ಕೊನೆಯದನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡಬೇಕು. ಖಾತೆ ಮೈನಸ್‌ಗೆ ಹೋಗುವುದಿಲ್ಲ, ಸೊನ್ನೆಯಲ್ಲಿ ನಿಲ್ಲುತ್ತದೆ. ಆದರೆ ದಂಡ ನಿಲ್ಲುವುದಿಲ್ಲ. ಅದು ಬಾಕಿ ಅಂತ ಬ್ಯಾಂಕಿನ ಲೆಕ್ಕದಲ್ಲಿ ಕೂತಿರುತ್ತದೆ. ಖಾತೆಗೆ ದುಡ್ಡು ಬಿದ್ದ ಕೂಡಲೇ ಕಡಿತವಾಗುತ್ತದೆ. ಪಾಸ್‌ಬುಕ್ಕಿನಲ್ಲಿ ಮೈನಸ್ ಗುರುತು ಎಲ್ಲೂ ಕಾಣುವುದಿಲ್ಲ. ಕೈಗೆ ಬರಬೇಕಾದ ದುಡ್ಡು ಮಾತ್ರ ಬರುವುದಿಲ್ಲ. ಔಷಧಿಗೆ ಅಂತ ಕಾದಿದ್ದ ದುಡ್ಡಿಗೂ, ಯಾರೋ ಕಳಿಸಿದ ಕೈಸಾಲಕ್ಕೂ ಅದೇ ಗತಿ. ನಿಯಮ ಯಾರನ್ನು ಕಾಪಾಡಲು ಹುಟ್ಟಿತೋ ಅವರಿಗೆ ಇದರಿಂದ ಏನು ಉಪಯೋಗವಾಯಿತು?

ಬ್ಯಾಂಕುಗಳ ವಾದವನ್ನೂ ಕೇಳಬೇಕು, ಅದರಲ್ಲಿ ನ್ಯಾಯವಿಲ್ಲ ಅಂತೇನಿಲ್ಲ. ಖಾತೆ ನಡೆಸಲು ಖರ್ಚಿದೆ. ಶಾಖೆ, ಸಿಬ್ಬಂದಿ, ಎಟಿಎಂ, ನಗದು ಸಾಗಣೆ, ಕಂಪ್ಯೂಟರ್ ವ್ಯವಸ್ಥೆ ಎಲ್ಲಕ್ಕೂ ದುಡ್ಡು ಬೇಕು. 2017ರ ಏಪ್ರಿಲಿನಲ್ಲಿ ಎಸ್‌ಬಿಐ ಐದು ವರ್ಷದ ಬಿಡುವಿನ ನಂತರ ಈ ದಂಡವನ್ನು ಮತ್ತೆ ತಂದಾಗ ಆಗಿನ ಅಧ್ಯಕ್ಷೆ ಅರುಂಧತಿ ಭಟ್ಟಾಚಾರ್ಯ ಇದೇ ಕಾರಣ ಕೊಟ್ಟರು. ಕೋಟಿಗಟ್ಟಲೆ ಜನಧನ ಖಾತೆಗಳ ಹೊರೆಯನ್ನು ಸರಿದೂಗಿಸಬೇಕು ಅಂದರು. ಆ ವರ್ಷ ಏಪ್ರಿಲಿನಿಂದ ನವೆಂಬರ್‌ವರೆಗೆ ಎಸ್‌ಬಿಐ ಹೀಗೆ ಸಂಗ್ರಹಿಸಿದ್ದು 1,771 ಕೋಟಿ ರೂಪಾಯಿ. ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಅದರ ನಿವ್ವಳ ಲಾಭ 1,582 ಕೋಟಿ. ಎಂಟು ತಿಂಗಳ ದಂಡ ಮೂರು ತಿಂಗಳ ಲಾಭಕ್ಕಿಂತ ಜಾಸ್ತಿ. ಸುದ್ದಿ ಹೊರಬಿದ್ದ ಮೇಲೆ ಗದ್ದಲವಾಯಿತು. 2018ರ ಏಪ್ರಿಲಿನಿಂದ ದಂಡ ಇಳಿಯಿತು. 2020ರ ಮಾರ್ಚಿನಲ್ಲಿ ಎಸ್‌ಬಿಐ ತನ್ನ ಎಲ್ಲ ಉಳಿತಾಯ ಖಾತೆಗಳಿಗೂ ಮಿನಿಮಮ್ ಬ್ಯಾಲೆನ್ಸ್ ಷರತ್ತನ್ನೇ ತೆಗೆದುಹಾಕಿತು. ಆಗ ಅಂಥ ಖಾತೆಗಳು 44 ಕೋಟಿಗೂ ಹೆಚ್ಚಿದ್ದವು.

ಬೇರೆ ಬ್ಯಾಂಕುಗಳು ನಿಲ್ಲಿಸಲಿಲ್ಲ. 2018ರಿಂದ ಸಾರ್ವಜನಿಕ ವಲಯದ ಬ್ಯಾಂಕುಗಳು ಮತ್ತು ಐದು ದೊಡ್ಡ ಖಾಸಗಿ ಬ್ಯಾಂಕುಗಳು ಸೇರಿ ಮಿನಿಮಮ್ ಬ್ಯಾಲೆನ್ಸ್ ದಂಡವಾಗಿ 21,000 ಕೋಟಿಗೂ ಹೆಚ್ಚು ವಸೂಲು ಮಾಡಿವೆ ಅಂತ 2023ರ ಆಗಸ್ಟಿನಲ್ಲಿ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಮರುವರ್ಷ ಇನ್ನೊಂದು ಲೆಕ್ಕ ಬಂತು. 2019-20ರಿಂದ 2023-24ರವರೆಗಿನ ಐದು ವರ್ಷದಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳದ್ದೇ ಸುಮಾರು 8,500 ಕೋಟಿ. ಇದು ಸಾಲ ಕಟ್ಟದವರಿಂದ ಬಂದ ದುಡ್ಡಲ್ಲ. ಬ್ಯಾಲೆನ್ಸ್ ಇಡಲಾಗದವರ, ಷರತ್ತು ಗೊತ್ತಿಲ್ಲದವರ, ಮರೆತವರ ದುಡ್ಡು. ಜನಧನ ಖಾತೆಯವರಿಗೆ ಈ ದಂಡ ಇಲ್ಲ. ಶ್ರೀಮಂತರಿಗೆ ಬೀಳುವುದಿಲ್ಲ. ನಡುವಿನವರು, ಅದರಲ್ಲೂ ಬಡತನದಿಂದ ಒಂದೇ ಮೆಟ್ಟಿಲು ಮೇಲೆ ಇರುವವರು, ಇಡೀ ಹೊರೆ ಹೊರುತ್ತಾರೆ. ಭಟ್ಟಾಚಾರ್ಯ ಅವರ ವಾದಕ್ಕೆ ನನ್ನ ಆಕ್ಷೇಪ ಇಲ್ಲೇ. ಖರ್ಚು ನಿಜ. ಆದರೆ ಕಡುಬಡವರ ಖಾತೆಯ ಖರ್ಚನ್ನು ಬಡವರಿಂದ ತುಂಬಿಸುವುದು ಸರಿಯಲ್ಲ.

2025ರಲ್ಲಿ ಗಾಳಿ ಬೇರೆ ಕಡೆಗೆ ಬೀಸಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕೆನರಾ ಬ್ಯಾಂಕ್ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳಿಗೂ ಈ ದಂಡವನ್ನು ಕೈಬಿಟ್ಟಿತು. ಜುಲೈನಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕ್, ಇಂಡಿಯನ್ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾ ಅದೇ ದಾರಿ ಹಿಡಿದವು. ಬರೀ ಕರುಣೆಯಿಂದ ಹೀಗಾಯಿತು ಅಂತ ನಾನು ನಂಬುವುದಿಲ್ಲ. ಸಾಲದ ಬೇಡಿಕೆಗೆ ತಕ್ಕಷ್ಟು ಠೇವಣಿ ಬರುತ್ತಿರಲಿಲ್ಲ, ಜನ ಮ್ಯೂಚುವಲ್ ಫಂಡ್ ಕಡೆ ಹೊರಟಿದ್ದರು, ಉಳಿತಾಯ ಖಾತೆಯವರನ್ನು ಓಡಿಸಿದರೆ ಬ್ಯಾಂಕಿಗೇ ನಷ್ಟ. ಕಾರಣ ಏನೇ ಇರಲಿ, ಒಂದಂತೂ ಸ್ಪಷ್ಟವಾಯಿತು: ಈ ದಂಡ ಇಲ್ಲದೆಯೂ ಬ್ಯಾಂಕು ನಡೆಸಬಹುದು.

ಅದೇ ವರ್ಷದ ಆಗಸ್ಟಿನಲ್ಲಿ ಐಸಿಐಸಿಐ ಬ್ಯಾಂಕ್ ನಗರಗಳಲ್ಲಿ ಹೊಸದಾಗಿ ತೆರೆಯುವ ಖಾತೆಗಳಿಗೆ ಸರಾಸರಿ ಬ್ಯಾಲೆನ್ಸನ್ನು 10,000ದಿಂದ ಒಂದೇ ಸಲಕ್ಕೆ 50,000ಕ್ಕೆ ಏರಿಸಿತು. ವಿರೋಧ ಬಂದ ಮೇಲೆ ಎರಡು ವಾರದೊಳಗೆ 15,000ಕ್ಕೆ ಇಳಿಸಿತು. ಮಿನಿಮಮ್ ಬ್ಯಾಲೆನ್ಸ್ ಎಷ್ಟಿರಬೇಕು ಅನ್ನುವುದು ಆಯಾ ಬ್ಯಾಂಕಿಗೆ ಬಿಟ್ಟ ವಿಷಯ ಅಂತ ಆರ್‌ಬಿಐ ಗವರ್ನರ್ ಸಂಜಯ್ ಮಲ್ಹೋತ್ರಾ ಆಗ ಹೇಳಿದರು. ಕಾನೂನಿನ ಪ್ರಕಾರ ಅವರ ಮಾತು ಸರಿ. ಆದರೆ ಗ್ರಾಹಕರಿಗೆ ಆಯ್ಕೆ ಇದ್ದರೆ ತಾನೇ ಬ್ಯಾಂಕಿಗೆ ಬಿಟ್ಟರೂ ನಡೆಯುವುದು? ಫ್ಯಾಕ್ಟರಿಯವರು ತೋರಿಸಿದ ಬ್ಯಾಂಕಿಗೆ ಹೆಬ್ಬೆಟ್ಟು ಒತ್ತಿದವರಿಗೆ ಆಯ್ಕೆ ಎಲ್ಲಿತ್ತು?

ಮಿನಿಮಮ್ ಬ್ಯಾಲೆನ್ಸ್ ಸುದ್ದಿಯಲ್ಲಿ ಮರೆಯಾಗುವ ಇನ್ನೊಂದು ಸಂಗತಿ ಇದೆ. ನನ್ನ ಪ್ರಕಾರ ಇವತ್ತು ಅದೇ ದೊಡ್ಡದು. ಇಎಂಐ ಬೌನ್ಸ್.

ಮೊಬೈಲನ್ನೋ ಫ್ರಿಜ್ಜನ್ನೋ ಗಾಡಿಯನ್ನೋ ಕಂತಿನಲ್ಲಿ ತಗೊಂಡರೆ ತಿಂಗಳು ತಿಂಗಳು ಖಾತೆಯಿಂದ ತಾನಾಗಿ ದುಡ್ಡು ಹೋಗಲು ಸಹಿ ಹಾಕಿಸಿಕೊಳ್ಳುತ್ತಾರೆ. ಹಳಬರು ಇದನ್ನು ಈಗಲೂ ಇಸಿಎಸ್ ಅನ್ನುತ್ತಾರೆ, ಈಗಿನ ವ್ಯವಸ್ಥೆಯ ಹೆಸರು ನ್ಯಾಚ್. 2021ರ ಆಗಸ್ಟ್ 1ರಿಂದ ಅದು ಭಾನುವಾರವೂ ರಜಾದಿನವೂ ನಡೆಯುತ್ತದೆ. ಕಂತು 2,300 ರೂಪಾಯಿ, 5ನೇ ತಾರೀಕು. ಖಾತೆಯಲ್ಲಿ ಇರುವುದು 2,260. ಕಡಿಮೆ ಬಿದ್ದದ್ದು 40 ರೂಪಾಯಿ. ಬ್ಯಾಂಕು ಇರುವ 2,260ನ್ನು ಕೊಟ್ಟು 40 ಆಮೇಲೆ ಕೊಡಿ ಅನ್ನುವುದಿಲ್ಲ. ಇಡೀ ಕಂತನ್ನೇ ವಾಪಸ್ ಕಳಿಸುತ್ತದೆ. ಬ್ಯಾಂಕಿನ ರಿಟರ್ನ್ ಚಾರ್ಜ್ 500 ಇದ್ದರೆ ತೆರಿಗೆ ಸೇರಿ 590. ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಬೌನ್ಸ್ ಚಾರ್ಜ್ ಬೇರೆ, ಅದೂ 500 ಅಂತಿಟ್ಟುಕೊಳ್ಳೋಣ. 40 ರೂಪಾಯಿಯ ಕೊರತೆಗೆ 1,090 ರೂಪಾಯಿ. ಕಂಪನಿಯವರು ಎರಡು ದಿನ ಬಿಟ್ಟು ಮತ್ತೆ ಪ್ರಯತ್ನಿಸಿದರೆ ಬ್ಯಾಂಕಿನ 590 ಇನ್ನೊಂದು ಸಲ. ಯಾಕೆಂದರೆ ಮೊದಲನೆಯ 590 ಹೋದ ಮೇಲೆ ಖಾತೆಯಲ್ಲಿ 1,670 ಮಾತ್ರ ಉಳಿದಿದೆ. ದಂಡವೇ ಮುಂದಿನ ಬೌನ್ಸ್‌ಗೆ ಕಾರಣವಾಗುತ್ತದೆ. ಜೊತೆಗೆ ಕ್ರೆಡಿಟ್ ಸ್ಕೋರ್ ಬೀಳುತ್ತದೆ. ಮುಂದಿನ ಸಾಲ ಇನ್ನೂ ದುಬಾರಿ ಬಡ್ಡಿಗೆ ಸಿಗುತ್ತದೆ, ಇಲ್ಲವೇ ಸಿಗುವುದೇ ಇಲ್ಲ.

ಈಗ ಅದೇ 40 ರೂಪಾಯಿಯನ್ನು ಬ್ಯಾಂಕು ಐದು ದಿನಕ್ಕೆ ಓವರ್‌ಡ್ರಾಫ್ಟ್ ಆಗಿ ಕೊಟ್ಟಿತು ಅಂದುಕೊಳ್ಳಿ. ವರ್ಷಕ್ಕೆ ಶೇ. 12ರ ಬಡ್ಡಿಯಂತೆ ಐದು ದಿನಕ್ಕೆ ಏಳು ಪೈಸೆಯೂ ಆಗುವುದಿಲ್ಲ. ಶೇ. 40ರ ಬಡ್ಡಿ ಹಾಕಿದರೂ 22 ಪೈಸೆ. ಒಂದು ಕಡೆ 22 ಪೈಸೆ, ಇನ್ನೊಂದು ಕಡೆ 1,090 ರೂಪಾಯಿ. ಈ ಎರಡು ಸಂಖ್ಯೆಗಳ ನಡುವಿನ ಅಂತರದ ಬಗ್ಗೆಯೇ ನಾನು ಈ ಲೇಖನ ಬರೆಯುತ್ತಿರುವುದು.

ಶೇ. 40 ಅಂತ ಸುಮ್ನೆ ಹೇಳಿದ್ದಲ್ಲ. ಬ್ರಿಟನ್ನಿನಲ್ಲಿ ಹತ್ತಿರ ಹತ್ತಿರ ಅಷ್ಟೇ ಇದೆ. ಅಲ್ಲಿ ಮೊದಲು ಖಾತೆ ಮೈನಸ್‌ಗೆ ಹೋದರೆ ದಿನಕ್ಕಿಷ್ಟು, ತಿಂಗಳಿಗಿಷ್ಟು ಅಂತ ಶುಲ್ಕ ಇತ್ತು. 2016ರಲ್ಲಿ ಮುಂಚೆಯೇ ಒಪ್ಪಂದವಿಲ್ಲದ ಓವರ್‌ಡ್ರಾಫ್ಟ್ ಶುಲ್ಕದ ಅರ್ಧಕ್ಕಿಂತ ಜಾಸ್ತಿ ಬಂದದ್ದು ಬರೀ ಶೇ. 1.5ರಷ್ಟು ಗ್ರಾಹಕರಿಂದ ಅಂತ ಅಲ್ಲಿನ ನಿಯಂತ್ರಣ ಸಂಸ್ಥೆ ಕಂಡುಕೊಂಡಿತು. 2020ರ ಏಪ್ರಿಲಿನಿಂದ ಅಂಥ ಶುಲ್ಕಗಳನ್ನೆಲ್ಲ ನಿಷೇಧಿಸಿ, ವಾರ್ಷಿಕ ಬಡ್ಡಿ ಮಾತ್ರ ಹಾಕಬೇಕು ಅಂತ ಹೇಳಿತು. ಬ್ಯಾಂಕುಗಳು ಬಡ್ಡಿಯನ್ನು ಶೇ. 40ರ ಆಸುಪಾಸಿಗೆ ಏರಿಸಿದವು. ದೊಡ್ಡ ಮೊತ್ತ ಬಳಸುವವರಿಗೆ ಅದು ಹೊರೆ, ನಿಜ. ಆದರೆ ಸ್ವಲ್ಪ ಹಣ ಸ್ವಲ್ಪ ದಿನಕ್ಕೆ ಕಡಿಮೆ ಬಿದ್ದವರು ಸ್ವಲ್ಪವೇ ಕಟ್ಟುತ್ತಾರೆ.

ಅಮೆರಿಕ ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದು ಸಲ ಓವರ್‌ಡ್ರಾಫ್ಟ್ ಆದರೆ 35 ಡಾಲರ್‌ವರೆಗೆ ಶುಲ್ಕ. ಕಾಫಿಗೆ ಕಾರ್ಡ್ ಉಜ್ಜಿದಾಗ ಆದರೂ ಅಷ್ಟೇ. ಓವರ್‌ಡ್ರಾಫ್ಟ್ ಮತ್ತು ಬೌನ್ಸ್ ಶುಲ್ಕಗಳ ಶೇ. 79ರಷ್ಟನ್ನು ಶೇ. 9ರಷ್ಟು ಖಾತೆಗಳೇ ಕಟ್ಟುತ್ತಿವೆ ಅಂತ ಅಲ್ಲಿನ ಗ್ರಾಹಕ ಹಣಕಾಸು ಸಂರಕ್ಷಣಾ ಸಂಸ್ಥೆ 2017ರಲ್ಲಿ ತೋರಿಸಿತು. ಕೆಲವು ಬ್ಯಾಂಕುಗಳು ತಾವಾಗಿಯೇ ಶುಲ್ಕ ಬಿಟ್ಟವು, ಇಳಿಸಿದವು. ದೊಡ್ಡ ಬ್ಯಾಂಕುಗಳಿಗೆ 5 ಡಾಲರ್ ಮಿತಿ ಹಾಕುವ ನಿಯಮ 2024ರ ಡಿಸೆಂಬರಿನಲ್ಲಿ ಬಂತು. ಜಾರಿಗೆ ಬರುವ ಮೊದಲೇ ಅಲ್ಲಿನ ಸಂಸತ್ತು ಅದನ್ನು ರದ್ದು ಮಾಡಿತು, 2025ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ ಅದಕ್ಕೆ ಸಹಿ ಹಾಕಿದರು.

ನಮ್ಮಲ್ಲಿ ಬ್ರಿಟನ್ನಿನ ದಾರಿಗೆ ಬೇಕಾದ ಬೀಜ ಆಗಲೇ ಬಿತ್ತಿದ್ದಾಗಿದೆ. ಜನಧನ ಖಾತೆಗೆ 10,000 ರೂಪಾಯಿವರೆಗೆ ಓವರ್‌ಡ್ರಾಫ್ಟ್ ಕೊಡಲು ಅವಕಾಶವಿದೆ. 2018ರಲ್ಲಿ ಮಿತಿಯನ್ನು 5,000ದಿಂದ ಇಷ್ಟಕ್ಕೆ ಏರಿಸಿದರು. ಅದರಲ್ಲಿ 2,000ದವರೆಗೆ ಹೆಚ್ಚಿನ ಷರತ್ತಿಲ್ಲ. ಇದನ್ನು ಮಾಮೂಲಿ ಉಳಿತಾಯ ಖಾತೆಗೂ ತಂದು, ಕಂತಿಗೆ ಐವತ್ತೋ ನೂರೋ ಕಡಿಮೆ ಬಿದ್ದಾಗ ತಾನಾಗಿ ತುಂಬುವಂತೆ ಮಾಡಿ, ಅಷ್ಟು ದಿನಕ್ಕೆ ಬಡ್ಡಿ ಹಾಕಿದರೆ ಬ್ಯಾಂಕಿಗೂ ಆದಾಯ ಬರುತ್ತದೆ, ಗ್ರಾಹಕರ ಮಾನವೂ ಉಳಿಯುತ್ತದೆ. ಅಲ್ಲಿಯವರೆಗೆ ಬೌನ್ಸ್ ಚಾರ್ಜಿಗಾದರೂ ಒಂದು ಮಿತಿ ಬೇಕು. ಕಡಿಮೆ ಬಿದ್ದ ಮೊತ್ತಕ್ಕಿಂತ ದಂಡ ಜಾಸ್ತಿಯಿರಬಾರದು ಅಂತ ಆರ್‌ಬಿಐ ಒಂದು ಸಾಲು ಬರೆದರೂ ಸಾಕು, ಎಷ್ಟೋ ಮನೆಗಳು ಉಸಿರಾಡುತ್ತವೆ.

ನಿಮ್ಮ ಮನೆಯಲ್ಲೂ ಇಂಥ ಖಾತೆ ಇದ್ದರೆ ಈಗ ಮಾಡಬಹುದಾದದ್ದು ಇಷ್ಟು. ಪ್ರತಿಯೊಂದು ಬ್ಯಾಂಕೂ ಬೇಸಿಕ್ ಸೇವಿಂಗ್ಸ್ ಖಾತೆ ಕೊಡಲೇಬೇಕು. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ. ಇರುವ ಖಾತೆಯನ್ನೇ ಹಾಗೆ ಬದಲಿಸಿಕೊಡಿ ಅಂತ ಬರೆದು ಕೊಡಬಹುದು. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು, ಅಷ್ಟೆ. ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಹೆಸರು ಹಿಡಿದು ಕೇಳಬೇಕು. ಕೆಲಸ ಬಿಟ್ಟ ಕೂಡಲೇ ಸಂಬಳದ ಖಾತೆಯ ಗತಿ ಏನು ಅಂತ ವಿಚಾರಿಸಿ. ಕಂತಿನ ತಾರೀಕನ್ನು ಸಂಬಳ ಬಂದ ಮೂರ್ನಾಲ್ಕು ದಿನಕ್ಕೆ ಬದಲಿಸಿಕೊಡಿ ಅಂತ ಕೇಳಿದರೆ ಎಷ್ಟೋ ಕಂಪನಿಗಳು ಒಪ್ಪುತ್ತವೆ. ಸರ್ಕಾರದ ಹಣ ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ, ಆ ಜೋಡಣೆಯನ್ನು ಬೇರೆ ಬ್ಯಾಂಕಿಗೆ ಬದಲಿಸಬಹುದು. ದಂಡದ ಬಗ್ಗೆ ತಕರಾರಿದ್ದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.

ಚಿಕ್ಕಮ್ಮನ ಪರವಾಗಿ ನಾನೇ ದೂರು ಬರೆದೆ. 2014ರ ಸುತ್ತೋಲೆಯನ್ನು ಹೆಸರಿಸಿ, ಒಂದು ತಿಂಗಳ ಮುಂಚೆ ಯಾವ ನೋಟಿಸ್ ಕಳಿಸಿದ್ದೀರಿ, ಯಾವ ತಾರೀಕು ಅಂತ ಕೇಳಿದೆ. ಹದಿನೆಂಟನೇ ದಿನ ಉತ್ತರ ಬಂತು. ಎರಡು ತಿಂಗಳ ದಂಡ ವಾಪಸ್, 1,180 ರೂಪಾಯಿ. ಮೂರನೇ ತಿಂಗಳಿಗೆ ನೋಟಿಸ್ ಹೋಗಿದೆ, ಅದು ವಾಪಸ್ ಬರುವುದಿಲ್ಲ ಅಂತ ಬರೆದಿದ್ದರು. ಆ 590ಕ್ಕಾಗಿ ಮುಂದಕ್ಕೆ ಹೋಗೋಣವಾ ಅಂತ ಕೇಳಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪಾಸ್‌ಬುಕ್ಕನ್ನು ನನ್ನ ಮುಂದೆ ತಳ್ಳಿ, ‘ಹೋಗೋಣ, ಬರಿ’ ಅಂದರು.